ಸಿಂಬಿ ಕಾಲಿಗಲ್ಲ

ಸಿಂಬಿ ಎಂದರೆ ಕಾಲಿಡುವ ದಿಂಬಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೌದೆಂದು ಅಚ್ಚು ಹಾಕಿಸಿದ ಕಾರ್ಡು ಈಗ ನಾನು ಹೆಸರು ಕೇಳದ ಊರುಗಳ ಮನೆಗಳಲ್ಲೆಲ್ಲ ಇದೆ, ಕೆಲವದರಲ್ಲಿ ನಮ್ಮ ಅತ್ತೆಯ ಮುಖವೂ ಇದೆ. ಸಿಂಬಿ ಎಂದರೆ ಸುತ್ತಿದ್ದು. ಹಾವು ಸಿಂಬಿ ಸುತ್ತಿಕೊಂಡು ಮಲಗಿತ್ತು ಅನ್ನುತ್ತೇವಲ್ಲ, ಅದೇ ಮಾತು. ಹುಲ್ಲನ್ನೋ ಹಳೇ ಸೀರೆಯನ್ನೋ ಬಳೆಯ ಹಾಗೆ ಸುತ್ತಿ, ತಲೆಯ ಮೇಲೆ ಇಟ್ಟುಕೊಂಡು, ಅದರ ಮೇಲೆ ಬಿಂದಿಗೆಯನ್ನೋ ಸೌದೆ ಹೊರೆಯನ್ನೋ ಹೊರುವುದು. ಮಡಕೆ ಕೆಳಗಿಳಿಸಿದಾಗ ಉರುಳದ ಹಾಗೆ ಅದರಡಿಗೆ ಇಡುವುದು. ಹಬ್ಬದ ದಿನ ತಂಬಿಟ್ಟಿನ ಆರತಿ ಹೊರುವ ತಲೆಗೂ ಅದೇ ಬೇಕು. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿದ್ದಿಲ್ಲ. ಹೇಳಬೇಕಾದ ಕಾಲ ಬಂತು.

ನಮ್ಮೂರು ಕೂಟಗಲ್ ಹೋಬಳಿಗೆ ಸೇರಿದ್ದು. ನಾನು ಅಲ್ಲಿಗೆ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷವಾಯಿತು. ಹೆಸರು ಚಿನ್ನಮ್ಮ, ಓದಿದ್ದು ಊರ ಶಾಲೆಯಲ್ಲಿ ಏಳನೆಯವರೆಗೆ. ಅತ್ತೆಯ ಹೆಸರು ಸಿದ್ದಮ್ಮ. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿಲ್ಲ. ಐವತ್ತು ವರ್ಷ ತಲೆಯ ಮೇಲೆ ನೀರು ಹೊತ್ತವರ ಬೆನ್ನು ಹಾಗೇ ಇರುತ್ತದೆ.

ಬೀದಿಗೆ ನಲ್ಲಿ ಬಂತು, ಮನೆಗೆ ಸಿಲಿಂಡರ್ ಬಂತು, ಹುಲ್ಲು ತರುವುದಕ್ಕೆ ಗಂಡಸರಿಗೆ ಟಿವಿಎಸ್ ಗಾಡಿ ಬಂತು. ಸಿಂಬಿ ಗೋಡೆಯ ಮೊಳೆಗೆ ಹೋಯಿತು. ಆ ಮೊಳೆಯ ಮೇಲೆಯೇ ರುದ್ರಪ್ರಸಾದನ ಕಣ್ಣು ಬಿದ್ದದ್ದು. ಅವನು ಮಾಗಡಿಯವನು. ಬಿಡದಿಯಲ್ಲಿ ಫ್ಯಾಕ್ಟರಿಗಳು ಸಾಲು ಹಿಡಿದ ಮೇಲೆ ಅಲ್ಲೊಂದು ಶೀಟಿನ ಶೆಡ್ಡು ಹಾಕಿ, ಬೆಂಗಳೂರಿನ ಯಾವುದೋ ರಫ್ತು ಕಂಪನಿಗೆ ಬುಟ್ಟಿ, ಚಾಪೆ, ಗೊಂಬೆ ಒದಗಿಸುತ್ತಿದ್ದ. ನಮ್ಮ ಸ್ತ್ರೀಶಕ್ತಿ ಸಂಘಕ್ಕೆ ಏನಾದರೂ ಕೆಲಸ ಕೊಡುತ್ತೇನೆಂದು 2005ರಲ್ಲಿ ಊರಿಗೆ ಬಂದ. ನಮ್ಮ ಜಗಲಿಯಲ್ಲಿ ಕೂತು ನೀರು ಕುಡಿಯುತ್ತ, "ಅಕ್ಕ, ಗೋಡೆಗೆ ನೇತಾಕಿರೋದು ಏನು?" ಅಂದ.

"ಮಾಗಡೀಲಿ ಹುಟ್ಟಿ ಸಿಂಬಿ ಗೊತ್ತಿಲ್ವೇನಪ್ಪ?" ಅಂದೆ.

"ಗೊತ್ತು ಬುಡಕ್ಕ. ನಮ್ಮವ್ವನೂ ಇಟ್ಕಂತಿದ್ಳು. ಇದನ್ನೇ ಒಂದು ಮೊಳ ಅಗಲ, ನಾಕು ಬೆಟ್ಟು ದಪ್ಪ ಮಾಡ್ಕೊಟ್ಟೀರಾ?"

ಈ ಮಾತು ನೆನಪಿರಲಿ. ನಮ್ಮವ್ವನೂ ಇಟ್ಟುಕೊಳ್ಳುತ್ತಿದ್ದಳು ಅಂತ ಅವನ ಬಾಯಿಂದಲೇ ಬಂದದ್ದು. ಗೊತ್ತಿಲ್ಲದೆ ಮಾಡಿದ ಅಂತ ಆಮೇಲೆ ಯಾರಾದರೂ ಹೇಳಿದರೆ ನಾನು ಕೇಳುವವಳಲ್ಲ.

ಅಷ್ಟು ದೊಡ್ಡದು ಯಾತಕ್ಕೆ ಎಂದು ಅತ್ತೆ ಕೇಳಿದಳು. ನೆಲದ ಮೇಲೆ ಹಾಕಿಕೊಂಡು ಕೂರುವುದಕ್ಕೆ, ಆ ದೇಶಗಳಲ್ಲಿ ನೆಲ ಬಹಳ ತಣ್ಣಗಿರುತ್ತದೆ ಅಂದ.

"ಕೂರ್ಲಿ ಬುಡು," ಅಂದಳು ಅತ್ತೆ. "ಇಷ್ಟು ದಿನ ತಲೆಗೆ ಮೆತ್ತಗಿತ್ತು. ಇನ್ಮೇಕೆ ಕುಂಡಿಗೂ ಒಸಿ ಮೆತ್ತಗಿರ್ಲಿ."

ನಮ್ಮ ಮನೆಯ ಇಬ್ಬರು, ಊರ ಇನ್ನೇಳು ಮನೆಯ ಹೆಂಗಸರು ಕೆಲಸಕ್ಕೆ ಕೂತೆವು. ಹುಲ್ಲು ನೆನೆಸುವುದು, ಹಿಂಡುವುದು, ಮೇಲಿನ ಬಟ್ಟೆ ಸುತ್ತುವುದು ಎಲ್ಲರಿಗೂ ಬರುತ್ತಿತ್ತು. ಒಳಗಿನ ಮೊದಲ ಸುತ್ತು ಮಾತ್ರ ಅತ್ತೆಯದು. ಸಿಂಬಿಗೆ ಗಂಟು ಹಾಕುವ ಹಾಗಿಲ್ಲ. ಗಂಟು ಹಾಕಿದರೆ ಹೊರೆಯ ಭಾರವೆಲ್ಲ ಆ ಗಂಟಿನ ಮೇಲೆ ಕೂತು ನೆತ್ತಿ ತೂತಾಗುತ್ತದೆ. ತುದಿಯನ್ನು ಸುತ್ತಿನ ಒಳಕ್ಕೇ ತೂರಿಸಿ ಕಚ್ಚಿಸಬೇಕು. ಸಣ್ಣ ಸಿಂಬಿಯಾದರೆ ನಮಗೂ ಬರುತ್ತದೆ. ಮೊಳದಗಲದ್ದಕ್ಕೆ ನಾವು ತೂರಿಸಿದ ತುದಿ ಸಂಜೆಯೊಳಗೆ ಹೊರಗೆ ಬಂದು ಹಲ್ಲು ಕಿರಿಯುತ್ತಿತ್ತು. ಅತ್ತೆ ಕಚ್ಚಿಸಿದ್ದು ಎಳೆದರೂ ಬರುತ್ತಿರಲಿಲ್ಲ.

ಎರಡನೇ ವರ್ಷ ಕಂಪನಿಯವರು ನೋಡಲು ಬಂದರು. ಒಬ್ಬ ಬಿಳಿಯ ಗಂಡಸು, ಬೆಂಗಳೂರಿನಿಂದ ಕ್ಯಾಮೆರಾ ಹಿಡಿದು ಬಂದ ಒಬ್ಬ ಹುಡುಗಿ, ಜೊತೆಗೆ ರುದ್ರಪ್ರಸಾದ. ಬಿಳಿಯನಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದೆವು. ಅತ್ತೆ ಜಗಲಿಯ ನೆಲದ ಮೇಲೆ ಕೂತು ಸುತ್ತುತ್ತಿದ್ದಳು. ನಾನು ಕಾಫಿ ಇಡಲು ಒಳಗೆ ಹೋದೆ. ಹಾಲು ಉಕ್ಕುವ ಹೊತ್ತಿಗೆ ಹೊರಗೆ ಚಪ್ಪಾಳೆ ಕೇಳಿಸಿತು. ಲೋಟ ಹಿಡಿದು ಬಂದರೆ ಎಲ್ಲರೂ ನಗುತ್ತಿದ್ದರು, ಕ್ಯಾಮೆರಾದ ಹುಡುಗಿ ಅತ್ತೆಯ ಭುಜ ಸವರುತ್ತಿದ್ದಳು. ಮುಗಿಸಿ ಇಟ್ಟಿದ್ದ ಒಂದು ಸಿಂಬಿಯ ಮೇಲೆ ಬೂಟಿನ ಧೂಳು ಅಂಟಿತ್ತು. ಅತ್ತೆ ಸೆರಗಿನಿಂದ ಅದನ್ನು ಒರೆಸುತ್ತಿದ್ದಳು.

"ಏನಾಯ್ತತ್ತೆ?" ಅಂದೆ.

"ಏನಿಲ್ಲ, ಕಾಪಿ ಕೊಡು ಅವುರ್ಗೆ," ಅಂದಳು. ನಾನು ಕೊಟ್ಟೆ. ಅವತ್ತು ಕೊಟ್ಟ ಆ ಕಾಫಿಗೆ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ.

ಆರು ತಿಂಗಳು ಕಳೆಯಿತು. ನನ್ನ ತಮ್ಮನ ಮಗಳು ಶ್ವೇತ ರಾಮನಗರದಲ್ಲಿ ಡಿಗ್ರಿ ಓದುತ್ತಿದ್ದಳು. ರಜೆಯಲ್ಲಿ ರುದ್ರಪ್ರಸಾದನ ಶೆಡ್ಡಿಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗಿದ್ದವಳು, ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದಳು. ಅತ್ತೆ ಹಿತ್ತಲಲ್ಲಿದ್ದಾಳೋ ಎಂದು ಇಣುಕಿ ನೋಡಿ ಚೀಲದಿಂದ, ಸಿಂಬಿಯ ಜೊತೆ ಡಬ್ಬಕ್ಕೆ ಹಾಕುವ ಒಂದು ಕಾರ್ಡು ತೆಗೆದಳು. ನುಣುಪು ಕಾಗದ, ಬಣ್ಣದ ಫೋಟೋ. ಸಿಂಬಿಯ ಮೇಲೆ ಕಂದು ಬೂಟಿನ ಕಾಲು. ಅದರ ಮುಂದೆ ಬಗ್ಗಿ, ಎರಡೂ ಕೈ ಕಣ್ಣಿಗೆ ಒತ್ತಿಕೊಂಡಿರುವ ನಮ್ಮ ಅತ್ತೆ.

"ಕೆಳಗೇನು ಬರ್ದವ್ರೆ ಓದಮ್ಮಿ," ಅಂದೆ.

"ಬೇಡತ್ತೆ, ನಿಂಗೆ ಸಿಟ್ಟು ಬತ್ತದೆ."

"ಬಂದಾಗದೆ. ಓದು."

ಅವಳು ನಿಧಾನವಾಗಿ ಕನ್ನಡ ಮಾಡಿ ಹೇಳಿದಳು. ಸಿಂಬಿ ಎಂದರೆ ಹಳೆಗಾಲದ ಕನ್ನಡದಲ್ಲಿ 'ಪಾದಗಳು ವಿಶ್ರಮಿಸುವ ತಾಣ' ಎಂದು ಅರ್ಥವಂತೆ. ಅರಮನೆಯ ರಾಣಿಯರ ಕಾಲಿಗೆಂದೇ ಹುಟ್ಟಿದ ವಸ್ತುವಂತೆ. ರಾಮನಗರದ ಹಳ್ಳಿಗಳಲ್ಲಿ ಇಂದಿಗೂ ಮನೆಗೆ ಬಂದ ಅತಿಥಿಯ ಕಾಲಡಿಗೆ ಮನೆಯ ಹಿರಿಯ ಹೆಂಗಸು ಸಿಂಬಿ ಇಟ್ಟು, ಆ ಪಾದಕ್ಕೆ ನಮಸ್ಕರಿಸುತ್ತಾಳಂತೆ.

ನನಗೆ ಆಗ ಚಪ್ಪಾಳೆಯ ಕಾರಣ ತಿಳಿಯಿತು. ಮೊರಕ್ಕೆ ಕಾಲು ತಗುಲಿದರೆ, ರಾಗಿ ಅಳೆಯುವ ಸೇರಿಗೆ ತಗುಲಿದರೆ, ಮಕ್ಕಳ ಪುಸ್ತಕಕ್ಕೆ ತಗುಲಿದರೆ ನಾವು ಏನು ಮಾಡುತ್ತೇವೆ? ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಕೈಗೆ ಅದು ಅಭ್ಯಾಸ, ಬುದ್ಧಿಯನ್ನು ಕೇಳಿ ಮಾಡುವುದಲ್ಲ. ಆ ಬೂಟಿನವನು ಸಿಂಬಿಯ ಮೇಲೆ ಕಾಲು ಹಾಕಿದ್ದಾನೆ. ಅತ್ತೆಯ ಕೈ ತಾನಾಗಿ ಸಿಂಬಿಗೆ ಹೋಗಿ ಕಣ್ಣಿಗೆ ಬಂದಿದೆ. ಅವರು ಅದನ್ನು ಕಾಲಿಗೆ ಬಿದ್ದಳು ಎಂದು ಬರೆದುಕೊಂಡಿದ್ದಾರೆ. ಬೂಟಿನವನಿಗೆ ತಿಳಿಯದು, ಕ್ಯಾಮೆರಾದ ಹುಡುಗಿಗೂ ತಿಳಿಯದೆ ಇರಬಹುದು. ಪಕ್ಕದಲ್ಲಿ ನಿಂತಿದ್ದ ಮಾಗಡಿಯವನಿಗೆ ತಿಳಿಯದೆ?

ಮಾರನೇ ದಿನ ಬೆಳಿಗ್ಗೆಯ ಬಸ್ಸಿಗೇ ಬಿಡದಿಗೆ ಹೋದೆ. ಶೆಡ್ಡಿನಲ್ಲಿ ಹತ್ತು ಹದಿನೈದು ಹೆಣ್ಣುಮಕ್ಕಳು ಡಬ್ಬಗಳಿಗೆ ಟೇಪು ಅಂಟಿಸುತ್ತಿದ್ದರು. ರುದ್ರಪ್ರಸಾದ ಫೋನಿನಲ್ಲಿದ್ದ. ಅವನು ಮುಗಿಸುವವರೆಗೆ ಕಾಯಲಿಲ್ಲ, ಕಾರ್ಡು ತೆಗೆದು ಮೇಜಿನ ಮೇಲೆ ಇಟ್ಟೆ.

"ಓ, ಚಿನ್ನಮ್ಮಕ್ಕ," ಅಂದ. "ನಿಮ್ಮತ್ತೆ ಫೋಟೋ ಎಷ್ಟು ಚೆಂದಾಗಿ ಬಂದೈತೆ ನೋಡಿದ್ರಾ?"

"ನೋಡ್ದೆ. ಕೆಳಗಿರೋದು ಓದು."

"ಅದು ಇಂಗ್ಲಿಷಕ್ಕ."

"ನಿಂಗೆ ಬತ್ತದಲ್ಲ. ಕನ್ನಡದಾಗೆ ಯೋಳು. ಈ ಹೆಣ್ಮಕ್ಕಳಿಗೆಲ್ಲ ಕೇಳೋ ಅಂಗೆ ಯೋಳು."

ಅವನು ಓದಲಿಲ್ಲ. ಟೇಪು ಹರಿಯುವ ಸದ್ದು ನಿಂತಿತು. ಒಬ್ಬ ಹುಡುಗಿಯನ್ನು ಕರೆದು ನನಗೆ ಟೀ ತರಲು ಹೇಳಿದ. ಬೇಡವೆಂದೆ.

"ಅಕ್ಕ, ಒಸಿ ಅರ್ಥ ಮಾಡ್ಕಳಿ," ಎಂದು ದನಿ ತಗ್ಗಿಸಿದ. "ಅವರಿಗೊಂದು ಕತೆ ಬೇಕು. ತಲೆ ಮೇಲೆ ಹೊರೆ ಹೊರೋಕೆ ಅಂತ ಬರೆದ್ರೆ ಅಯ್ಯೋ ಬಡತನ ಅಂತಾರೆ, ಮನೇಲಿ ಇಟ್ಕಳಲ್ಲ. ರಾಣಿ, ಅರಮನೆ, ಅತಿಥಿ ಅಂದ್ರೆ ಇಟ್ಕಂತಾರೆ. ಅವರ ಮನೇಲಿ ಸೋಫಾ ಮುಂದೆ ಕಾಲಿಡೋಕೊಂದು ದಿಂಬು ಇರುತ್ತೆ. ಇದೂ ಅಂಗೇ."

"ಕೂರಕ್ಕೆ ಅಂದಿದ್ದೆ."

"ಕೂರೋರು ಕೂರ್ತಾರೆ, ಕಾಲಿಡೋರು ಇಡ್ತಾರೆ. ಮಾರಿದ ಮೇಲೆ ನಾವ್ ಹೋಗಿ ನೋಡಕ್ಕಾಯ್ತದಾ?"

"ಕಾಲಿಡ್ಲಿ, ತಲೆಕೆಳಗಾಗಿ ನಿಂತ್ಕಳ್ಲಿ. ಅದರ ಅರ್ಥ ಯಾಕೆ ಬದಲಾಯಿಸ್ದೆ? ನಮ್ಮತ್ತೆ ಅವನ ಬೂಟಿಗೆ ಕೈ ಮುಗಿದ್ಳು ಅಂತ ಯಾಕೆ ಬರ್ಸ್ದೆ? ನೀನು ಅಲ್ಲೇ ನಿಂತಿದ್ದಲ್ಲ."

"ನಾನ್ ಬರೆಸಿಲ್ಲಕ್ಕ, ಅವರು ಬರ್ಕಂಡ್ರು. ಇದರ ಅರ್ಥ ಇದೇನಾ ಅಂತ ಕೇಳಿದ್ರು, ನಾನು ಹೂಂ ಅಂದೆ. ಅಷ್ಟೇ."

"ಕಾಲೇಜಲ್ಲಿ ಓದೋ ನಮ್ಮ ಹುಡುಗಿ ನಿಘಂಟು ತೆಗೆದು ನೋಡವ್ಳೆ. ಹೊರೆ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಸುರುಳಿ ಅಂತ ಐತೆ."

"ನಿಘಂಟು ನೋಡಿ ಯಾರಕ್ಕ ಸಾಮಾನು ತಗೋತಾರೆ?" ಎಂದು ನಕ್ಕ. ಆ ನಗು ನನಗೆ ತಡೆಯಲಾಗಲಿಲ್ಲ.

"ಅಂಗಾದ್ರೆ ನಿಮ್ಮವ್ವನ ಫೋಟೋ ಹಾಕಬೇಕಾಗಿತ್ತು ಕಣಪ್ಪ. ಅವಳೂ ಸಿಂಬಿ ಇಟ್ಕಂತಿದ್ಳು ಅಂದಿದ್ಯಲ್ಲ."

ಅವನ ಮುಖ ಕಪ್ಪಿಟ್ಟಿತು. "ನಮ್ಮವ್ವ ತೀರ್ಕಂಡವ್ರೆ," ಅಂದ.

"ಅದಕ್ಕೆ ನಮ್ಮತ್ತೆ ಸಿಕ್ಕಿದ್ಲಾ?"

ಅಷ್ಟು ಕಟುವಾಗಿ ಆಡಬಾರದಿತ್ತು ಎಂದು ಊರಲ್ಲಿ ಆಮೇಲೆ ಕೆಲವರು ಅಂದರು. ಆಡಿದ್ದಕ್ಕೆ ನನಗೆ ಬೇಸರವಿಲ್ಲ. ಕೊನೆಗೆ ಅವನು, ಕಾರ್ಡಿನಿಂದ ಫೋಟೋ ತೆಗೆಸುತ್ತೇನೆ, ಅರ್ಥ ತೆಗೆಸಲು ಆಗುವುದಿಲ್ಲ, ಆ ಹೆಸರಲ್ಲಿ ಆ ಕತೆಯಲ್ಲೇ ಮಾಲು ಓಡುತ್ತಿದೆ ಅಂದ. ಗಲಾಟೆ ಮಾಡಿದರೆ ಆರ್ಡರು ಬೇರೆ ಊರಿಗೆ ಹೋಗುತ್ತದೆ ಎಂದೂ ಅಂದ.

ಅತ್ತೆಗೆ ಹೇಳಬಾರದು ಎಂದು ಶ್ವೇತ ಹಟ ಹಿಡಿದಿದ್ದಳು. ಮುಚ್ಚಿಡುವುದು ನನ್ನಿಂದ ಆಗದ ಕೆಲಸ. ಅತ್ತೆ ಕಾರ್ಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಆ ಬೂಟ್ನೋನು ಏನಂದ್ಕಂಡ?" ಅಂದಳು.

"ನೀನು ಅವನ ಕಾಲಿಗೆ ಬಿದ್ದೆ ಅಂತ."

"ನಾನ್ ಬೀಳ್ನಿಲ್ಲ ಕಣಮ್ಮಿ. ಅವನ್ಗೆ ಪಾಪ ಗೊತ್ತಿಲ್ಲ, ಪರದೇಸಿ, ಅವನ ಬದ್ಲು ನಾನು ತಪ್ಪಾಯ್ತು ಅಂದೆ. ಸಿಂಬಿಗೆ ಅಂದೆ." ಕಾರ್ಡನ್ನು ಮಗುಚಿ ಇಟ್ಟಳು. "ಅವನ ಪರವಾಗಿ ಬೇಡ್ಕಂಡ್ರೆ ಅವನ್ಗೇ ಬೇಡ್ಕಂಡೆ ಅಂತಾರಾ?"

ಅಷ್ಟೇ ಅಂದದ್ದು. ಆದರೆ ಮಾರನೇ ದಿನದಿಂದ ಅವಳು ಮೊಳದಗಲದ ಸಿಂಬಿಗೆ ಒಳಸುತ್ತು ಸುತ್ತಲಿಲ್ಲ. ಹುಲ್ಲು ನೆನೆಸಿ ಮುಂದಿಟ್ಟರೆ ಎದ್ದು ಹಸುವಿಗೆ ಹಾಕಿ ಬಂದಳು.

ಸಂಘದ ಅಧ್ಯಕ್ಷೆ ಗಿರಿಜಾಂಬ ನಮ್ಮ ಬಾಗಿಲಿಗೆ ಬಂದು ನಿಂತಳು. ಒಳ್ಳೆಯ ಹೆಂಗಸು, ಆದರೆ ಏಳು ಮನೆಯ ಕೆಲಸ ಅವಳ ತಲೆಯ ಮೇಲಿತ್ತು.

"ಅತ್ತೆ ಸೊಸೆ ಸೇರ್ಕಂಡು ಎಲ್ರ ಹೊಟ್ಟೆ ಮೇಲೆ ಹೊಡಿತಿದ್ದೀರಲ್ಲ," ಅಂದಳು. "ಇಂಗ್ಲಿಷ್ನಾಗೆ ಏನೋ ಬರ್ಕಂಡವ್ರೆ. ಇಲ್ಲಿ ಯಾರು ಓದ್ತಾರೆ? ಬರ್ಕಳ್ಲಿ ಬುಡು."

"ನಿನ್ನ ಫೋಟೋ ಆಗಿದ್ರೆ?"

"ನನ್ ಫೋಟೋ ಹಾಕ್ಲಿ. ನಾನೇನ್ ಸವೆದೋಗಲ್ಲ."

"ಅಂಗಾದ್ರೆ ಓಗಿ ಅವನ ಬೂಟಿನ ಮುಂದೆ ಬಗ್ಗು. ನಿಮ್ಮ ಯಜಮಾನ್ರನ್ನೂ ಕರ್ಕಂಡೋಗು, ನೋಡ್ಲಿ."

ಗಿರಿಜಾಂಬ ಆಮೇಲೆ ನನ್ನ ಜೊತೆ ನಾಲ್ಕು ತಿಂಗಳು ಮಾತಾಡಲಿಲ್ಲ. ಉಳಿದವರು ತಾವೇ ತುದಿ ತೂರಿಸಿ ಹತ್ತಾರು ಮಾಡಿ ಕಳಿಸಿದರು, ಬಿಚ್ಚಿಕೊಂಡು ವಾಪಸು ಬಂದವು. ಕೆಲಸ ನಿಂತಿತು. ನಲ್ಲಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು. ನಿಲ್ಲಲಿ ಎಂದು ನಾನೂ ಬಿಂದಿಗೆಯನ್ನು ಬೇಕೆಂದೇ ನಿಧಾನವಾಗಿ ತುಂಬಿಸುತ್ತಿದ್ದೆ. ಆದರೂ ಒಂದು ಸಮಾಧಾನ ಇತ್ತು, ಅತ್ತೆಯ ಫೋಟೋ ಹೋಗಿದೆ ಎಂದು.

2008ರ ಯುಗಾದಿ ಕಳೆದ ಮೇಲೆ ಗಿರಿಜಾಂಬ ಮತ್ತೆ ಬಂದಳು. ಕೈಯಲ್ಲಿ ಹೊಸ ಕಾರ್ಡು.

"ತಗೋ, ನೋಡ್ಕೋ," ಎಂದು ನನ್ನ ಮಡಿಲಿಗೆ ಹಾಕಿದಳು. "ನೀನು ಬ್ಯಾಡ ಅಂದಿದ್ದನ್ನ ಇನ್ನೊಬ್ಳು ಮಾಡವ್ಳೆ. ಕೆಲ್ಸನೂ ಅವರೂರಿಗೆ ಓಯ್ತು. ಈಗ ಸುಖವಾಯ್ತಾ ನಿಂಗೆ?"

ಅದೇ ನುಣುಪು ಕಾಗದ, ಅದೇ ಬರಹ. ಫೋಟೋದಲ್ಲಿ ಬೇರೆ ಮುದುಕಿ. ಕಿವಿಯಲ್ಲಿ ಓಲೆ ಇಲ್ಲ, ಹಾಲೆ ಮಾತ್ರ ಜೋತುಬಿದ್ದಿತ್ತು. ಮುಂದಕ್ಕೆ ಬಗ್ಗಿ, ಸಿಂಬಿಯ ಮೇಲಿಟ್ಟ ಬೂಟನ್ನು ಎರಡು ಕೈಯಲ್ಲೂ ಅಕ್ಕರೆಯಿಂದ ಹಿಡಿದುಕೊಂಡಿದ್ದಳು. ಕೆಳಗಿನ ಸಾಲನ್ನು ಶ್ವೇತನಿಂದ ಓದಿಸಿದೆ: ಗುಡೇಮಾರನಹಳ್ಳಿಯ ಯಲ್ಲಮ್ಮ, ಅತಿಥಿಯ ಪಾದಸೇವೆಯಲ್ಲಿ.

ಮೊದಲು ಬಂದ ಸಿಟ್ಟು ಆ ಮುದುಕಿಯ ಮೇಲೆಯೇ. ಹೀಗೂ ಹಿಡಿದುಕೊಳ್ಳುತ್ತಾಳಾ, ಮೊಮ್ಮಗುವಿನ ಕಾಲು ಹಿಡಿದ ಹಾಗೆ. ನಾವು ಏಳು ಮನೆಯವರನ್ನು ಎದುರು ಹಾಕಿಕೊಂಡು ನಿಲ್ಲಿಸಿದ್ದನ್ನು ಇವಳು ಒಂದು ಫೋಟೋದಲ್ಲಿ ಕೊಟ್ಟುಬಿಟ್ಟಳಲ್ಲ. ಅತ್ತೆಗೆ ಹಾಗೇ ಅಂದೆ.

"ಓಗಿ ಕೇಳು," ಅಂದಳು ಅತ್ತೆ. "ಕೇಳ್ದೆ ಬಯ್ಬ್ಯಾಡ. ನನ್ನನ್ನೂ ಯಾರೂ ಕೇಳ್ನಿಲ್ಲ."

ಮಾಗಡಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಏನೇನು ಬಯ್ಯಬೇಕೆಂದು ಜೋಡಿಸಿಕೊಂಡು ಹೋದೆ. ಗುಡೇಮಾರನಹಳ್ಳಿಯಲ್ಲಿ ಯಲ್ಲಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹೊರಗೆ ಹುಲ್ಲು ನೆನೆಹಾಕಿತ್ತು. ಅವಳು ಬಾಗಿಲಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ನಾನು ಯಾರು, ಯಾವ ಊರು, ಏಕೆ ಬಂದೆ ಎಂದು ಒಂದೇ ಉಸಿರಿಗೆ ಹೇಳಿ ಕಾರ್ಡು ಹಿಡಿದೆ.

ಅವಳು ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ಮೂಗಿನ ಹತ್ತಿರ ತಂದು ನೋಡಿದಳು.

"ಇದು ನಾನೇಯ," ಅಂದಳು. "ಈ ಕಾಲು ಯಾರ್ದು?"

"ನನ್ನೇ ಕೇಳ್ತೀಯಲ್ಲಜ್ಜಿ. ಹಿಡ್ಕಂಡಿರೋಳು ನೀನು."

"ನಾನ್ಯಾಕವ್ವ ಕಾಲ್ ಇಡ್ಕಳ್ಲಿ? ಸಿಂಬಿ ಮೇಲೆ ಮಡಕೆ ಇಟ್ಟು ತೋರ್ಸಜ್ಜಿ ಅಂದ್ರು. ಮಡಕೆ ಇಟ್ಟೆ. ಕೈ ಬುಡಬ್ಯಾಡ, ಇಡ್ಕಂಡಿರು ಅಂದ್ರು. ಇಡ್ಕಂಡಿದ್ದೆ." ಬೆರಳನ್ನು ಬೂಟಿನ ಮೇಲೆ ಊರಿದಳು. "ಇಲ್ಲಿ ಮಡಕೆ ಇತ್ತು."

ನಾನು ಕಾರ್ಡನ್ನು ಕಿತ್ತುಕೊಂಡು ನೋಡಿದೆ. ಅವಳ ಕೈಗಳು ದುಂಡಗೆ ಅಗಲವಾಗಿದ್ದವು. ಕಾಲು ಆ ಕೈಗಳ ನಡುವೆ ಸಣ್ಣದಾಗಿತ್ತು, ಎರಡು ಬದಿಯಲ್ಲೂ ಜಾಗ ಉಳಿದಿತ್ತು. ಬೆರಳುಗಳು ಗಾಳಿಯನ್ನು ಹಿಡಿದುಕೊಂಡಿದ್ದವು. ಕಂಪ್ಯೂಟರಿನಲ್ಲಿ ಮಡಕೆ ತೆಗೆದು ಕಾಲು ಅಂಟಿಸಿದ್ದಾರೆ. ನಾನು ಇಡೀ ದಾರಿ ಜೋಡಿಸಿಕೊಂಡು ಬಂದ ಬೈಗುಳವೆಲ್ಲ ಬಾಯಲ್ಲೇ ಉಳಿದು ಕಹಿಯಾಯಿತು.

"ಏನಂತ ಬರ್ದವ್ರೆ?" ಅಂದಳು ಯಲ್ಲಮ್ಮ.

ಹೇಳಿದೆ. ಸಿಂಬಿಯ ಅರ್ಥ, ರಾಣಿ, ಪಾದಸೇವೆ, ಒಂದೂ ಬಿಡದೆ. ಅವಳು ಎರಡನೇ ಸಲ ಹೇಳಿಸಿದಳು. ಹುಣಸೆಹಣ್ಣಿನ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ನಮ್ಮನೆಯೋನು ಇದ್ದಾಗ್ಲೂ ನಾನು ಅವನ ಕಾಲು ಒತ್ತಿದೋಳಲ್ಲ," ಅಂದಳು. "ಒತ್ತು ಅಂದ. ನಿಂಗೆ ಕೈ ಇಲ್ವೇನ್ಲಾ ಅಂದೆ. ಅಂತಾದ್ರಲ್ಲಿ ಈ ಬೂಟಿಂದು ನನ್ನ ತಲೆಗೆ ಕಟ್ಟವ್ರೆ. ಆ ಸೆಡ್ಡು ಎಲ್ಲೈತೆ?"

"ಬಿಡದೀಲಿ."

"ಬಸ್ಸು?"

"ಹನ್ನೊಂದೂವರೆಗೊಂದು ಐತಂತೆ. ನೀನು ಅಷ್ಟು ದೂರ ಬಂದೀಯಾ ಅಜ್ಜಿ?"

ಅವಳು ಎದ್ದಳು. ಒಳಗೆ ಹೋಗಿ ಬೇರೆ ಸೀರೆ ಉಟ್ಟು ಬಂದಳು. ಕಂಕುಳಲ್ಲಿ ಒಂದು ಕರಿ ಮಡಕೆ. ಫೋಟೋದ ದಿನ ಸಿಂಬಿಯ ಮೇಲೆ ಇದ್ದದ್ದು ಅದೇ. ಅದನ್ನೇಕೆ ಹೊತ್ತುಕೊಂಡು ಬರುತ್ತೀಯ, ಒಡೆದೀತು ಎಂದರೆ, "ಇದನ್ನ ನೋಡ್ದೆ ಅವ್ರು ನಮ್ ಮಾತು ನಂಬಾರೇನವ್ವ," ಅಂದಳು.

ಬಸ್ಸು ತುಂಬಿತ್ತು. ಪಾಳಿಗೆ ಹೋಗುವ ಹುಡುಗರು ಕುತ್ತಿಗೆಗೆ ಫ್ಯಾಕ್ಟರಿಯ ಕಾರ್ಡು ನೇತುಹಾಕಿಕೊಂಡು ನಿಂತಿದ್ದರು. ಒಬ್ಬ ಎದ್ದು ಯಲ್ಲಮ್ಮನಿಗೆ ಜಾಗ ಬಿಟ್ಟ. ಅವಳು ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಕೈಯಲ್ಲೂ ಹಿಡಿದಳು, ಕಾರ್ಡಿನಲ್ಲಿ ಹಿಡಿದಿದ್ದ ಹಾಗೆಯೇ.

"ಏನಜ್ಜಿ, ಮಡಕೆಗೂ ಟಿಕೆಟ್ ಮಾಡ್ಲಾ?" ಅಂದ ಕಂಡಕ್ಟರು.

"ಮಾಡಪ್ಪ," ಅಂದಳು. "ಅದೂ ನಮ್ ಜೊತೆ ಸಾಕ್ಷಿ ಯೋಳಕ್ಕೆ ಬತ್ತಾ ಐತೆ."

ಹುಡುಗರು ನಕ್ಕರು. ಅವಳು ನಗಲಿಲ್ಲ. ಬಿಡದಿಯಲ್ಲಿ ಇಳಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಶೆಡ್ಡಿನ ಗೇಟಿನಲ್ಲಿ ಕಾವಲಿನವನು ಯಾರನ್ನು ನೋಡಬೇಕು ಎಂದು ಕೇಳಿದ. ನಾನು ರುದ್ರಪ್ರಸಾದ ಎನ್ನುವಷ್ಟರಲ್ಲಿ ಯಲ್ಲಮ್ಮ ಅವನ ಪಕ್ಕದಿಂದ ನುಸುಳಿ ಒಳಗೆ ಹೋಗಿದ್ದಳು. ಟೇಪು ಹರಿಯುವ ಸದ್ದು ಒಂದೊಂದಾಗಿ ನಿಲ್ಲುತ್ತ ಬಂತು. ನಾನು ಹಿಂದೆ ಓಡಿದೆ. ಅವಳು ರುದ್ರಪ್ರಸಾದನ ಎದುರಿಗೇ ಅವನ ಮೇಜಿನ ಮೇಲಿದ್ದ ಕಾರ್ಡಿನ ಕಟ್ಟುಗಳನ್ನು ಮೊಳಕೈಯಿಂದ ಒಂದು ಕಡೆಗೆ ತಳ್ಳಿ, ನಡುವೆ ಮಡಕೆ ಇಟ್ಟು, ಕುರ್ಚಿ ಎಳೆದುಕೊಂಡು ಕೂತಿದ್ದಳು.

"ಬಾರವ್ವ ಚಿನ್ನಮ್ಮ, ನೀನೂ ಕೂತ್ಕೋ," ಅಂದಳು. ಆಮೇಲೆ ಅವನ ಕಡೆ ತಿರುಗಿದಳು. "ಈಗ ಬರಿಯಪ್ಪ. ನಾನ್ ಯೋಳ್ತೀನಿ, ನೀನ್ ಬರಿ. ಸಿಂಬಿ ಅಂದ್ರೆ ಏನು?"